ಹೊಸ ಯಂತ್ರ, ಹಳೆಯ ಪಾಠ

ವಿದ್ಯೆ ಕಲಿಯಲು ಬಂದವನ ಕೈಗೆ ಎಂಥ ಸಲಕರಣೆಯನ್ನು ಕೊಡಬೇಕು? ಅವನ ಕೆಲಸವನ್ನು ಹಗುರ ಮಾಡುವಂಥದನ್ನೋ, ಅವನನ್ನು ದುಡಿಸಿ ಗಟ್ಟಿ ಮಾಡುವಂಥದನ್ನೋ? ಪ್ರಶ್ನೆ ಹೊಸದಲ್ಲ. ಮರಳಿನ ಮೇಲೆ ಬೆರಳಿಂದ ತಿದ್ದುವುದು ಹೋಗಿ ಸ್ಲೇಟು ಬಂದಾಗ, ಸ್ಲೇಟು ಹೋಗಿ ಕಾಗದ ಬಂದಾಗ, ಹಿರಿಯರು ಇದನ್ನು ಕೇಳಿಯೇ ಇದ್ದಾರೆ. ಆದರೆ ಆಗೆಲ್ಲ ಉತ್ತರ ತಪ್ಪಿದರೂ ಆಗುತ್ತಿದ್ದ ನಷ್ಟ ಅಲ್ಪ: ಒಂದು ಅಕ್ಷರ ಸೊಟ್ಟಗಾದೀತು, ಒಂದು ಲೆಕ್ಕ ತಪ್ಪೀತು. ಉತ್ತರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರುವ ಜಾಗವೂ ಒಂದುಂಟು. ಅದು ವಿಮಾನ ಹಾರಿಸಲು ಕಲಿಸುವ ಶಾಲೆ.

ಮಲೆನಾಡಿನ ಮೂಲೆಯಲ್ಲಿ ಕುಳಿತವನಿಗೆ ವಿಮಾನದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಗೊಡವೆ ತಾನಾಗಿಯೇ ನಮ್ಮ ಬಾಗಿಲಿಗೆ ಬಂದಿದೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ಕುವೆಂಪು ಅವರ ಹೆಸರನ್ನು ಅದಕ್ಕೆ ಇಟ್ಟರು. ಅಡಿಕೆ ತೋಟದಲ್ಲಿ ನಿಂತು ತಲೆಯೆತ್ತಿ ನೋಡುವ ಹುಡುಗರಿಗೆ ವಿಮಾನವೆಂಬುದು ಈಗ ಬರಿಯ ಸದ್ದಲ್ಲ, ಹಿಡಿಯಬಹುದಾದ ಒಂದು ಕಸುಬು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಮಗನೋ ಮಗಳೋ ‘ಪೈಲಟ್ ಆಗುತ್ತೇನೆ’ ಎಂದಾಗ ತಂದೆತಾಯಿ ಈಗ ನಕ್ಕು ಸುಮ್ಮನಾಗುವುದಿಲ್ಲ. ತೋಟದ ಪಹಣಿ ಎಲ್ಲಿದೆ ಎಂದು ಹುಡುಕುತ್ತಾರೆ.

ಹೊಸನಗರದ ಕಡೆಯ ಪರಿಚಿತರೊಬ್ಬರು ಹೀಗೆ ಹುಡುಕಾಟಕ್ಕೆ ತೊಡಗಿದವರು. ಎರಡು ಶಾಲೆಗಳ ಪರಿಚಯ ಪುಸ್ತಿಕೆಗಳನ್ನು ಹಿಡಿದು ನನ್ನಲ್ಲಿಗೆ ಬಂದರು. ಒಂದು ಶಾಲೆ ತನ್ನ ವಿಮಾನಗಳಿಗೆಲ್ಲ ಹೊಸ ‘ಏವಿಯಾನಿಕ್ಸ್’ ಜೋಡಿಸಿದ್ದೇನೆಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿತ್ತು. ಇನ್ನೊಂದು ಆ ವಿಷಯವನ್ನೇ ಎತ್ತಿರಲಿಲ್ಲ. ಶುಲ್ಕ ಮಾತ್ರ ಕಡಮೆ. ‘ಯಾವುದು ಒಳ್ಳೆಯದು, ಮೇಷ್ಟ್ರೆ?’ ಎಂದು ಅವರು ಕೇಳಿದರು. ನಾನು ವಿಮಾನ ಹಾರಿಸಿದವನಲ್ಲ. ಕಾಲೇಜಿನಲ್ಲಿ ಹಲವು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು. ಅವರು ಕೇಳಿದ್ದು ವ್ಯವಹಾರದ ಪ್ರಶ್ನೆ. ಅದನ್ನು ಓದಿ, ವಿಚಾರಿಸಿ, ಬಲ್ಲವರೊಡನೆ ಮಾತಾಡಿದಂತೆಲ್ಲ ನನಗೆ ಅದು ಧರ್ಮದ ಪ್ರಶ್ನೆಯಾಗಿ ಕಾಣತೊಡಗಿತು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ವಿಮಾನದಲ್ಲಿರುವ ವಿದ್ಯುನ್ಮಾನ ಸಲಕರಣೆಗಳಿಗೆಲ್ಲ ಒಟ್ಟಾಗಿ ಏವಿಯಾನಿಕ್ಸ್ ಎಂದು ಹೆಸರು. ಹಳೆಯ ಮಾದರಿಯ ತರಬೇತಿ ವಿಮಾನದಲ್ಲಿ ಚಾಲಕನ ಮುಂದೆ ಗಡಿಯಾರದ ಮುಖದಂಥ ಆರು ಮುಖ್ಯ ಸಾಧನಗಳಿರುತ್ತವೆ. ಮೂರು ಗಾಳಿಯ ಒತ್ತಡದಿಂದ ನಡೆಯುವಂಥವು. ಎದುರು ಬರುವ ಗಾಳಿಗೆ ಬಾಯೊಡ್ಡಿದ ಪಿಟೋ ಎಂಬ ಕೊಳವೆಯ ಒತ್ತಡಕ್ಕೂ ಸುತ್ತಣ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವೇ ವೇಗ. ಒಂದು ಸಣ್ಣ ಡಬ್ಬಿ ಹಿಗ್ಗಿ ಕುಗ್ಗುವುದರಿಂದ ಎತ್ತರ ತಿಳಿಯುತ್ತದೆ. ಆ ಒತ್ತಡ ಎಷ್ಟು ಬೇಗ ಬದಲಾಗುತ್ತಿದೆ ಎಂಬುದರಿಂದ ಏರುವ ಇಳಿಯುವ ದರ. ಉಳಿದ ಮೂರು, ಬುಗುರಿಯ ತತ್ವದವು. ಗಿರ್ರನೆ ಸುತ್ತುವ ಬುಗುರಿ ತನ್ನ ಅಚ್ಚಿನ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಷ್ಟೆ. ಆ ಹಟವನ್ನೇ ಬಳಸಿಕೊಂಡು ವಿಮಾನ ಎತ್ತ ವಾಲಿದೆ, ಎತ್ತ ಮುಖ ಮಾಡಿದೆ, ಎಷ್ಟು ಬೇಗ ತಿರುಗುತ್ತಿದೆ ಎಂದು ತಿಳಿಯುತ್ತಾರೆ.

ಹೊಸ ಸಜ್ಜಿನಲ್ಲಿ ಈ ಆರು ಮುಖಗಳಿಲ್ಲ. ಅವುಗಳ ಜಾಗದಲ್ಲಿ ಒಂದೋ ಎರಡೋ ಗಾಜಿನ ಪರದೆಗಳು. ಸುತ್ತುವ ಬುಗುರಿಯ ಬದಲು ಉಗುರಿನಷ್ಟು ಚಿಕ್ಕ ಸಂವೇದಕಗಳು. ಅವು ಕೊಟ್ಟ ಸಂಖ್ಯೆಗಳನ್ನು ಗಣಕಯಂತ್ರ ಲೆಕ್ಕ ಹಾಕಿ ಒಂದೇ ಚಿತ್ರವಾಗಿ ತೋರಿಸುತ್ತದೆ. ಪಕ್ಕದ ಪರದೆಯ ಮೇಲೆ ನಕ್ಷೆ. ಅದರ ನಡುವೆ ತಾನೆಲ್ಲಿದ್ದೇನೆ ಎಂದು ತೋರಿಸುವ ಪುಟ್ಟ ವಿಮಾನ. ಉಪಗ್ರಹಗಳ ಸಂಕೇತದಿಂದ ಸ್ಥಾನ ಗೊತ್ತಾಗುತ್ತದೆ. ಎದುರಿಗೆ ಗುಡ್ಡವಿದ್ದರೆ ನಕ್ಷೆ ಕೆಂಪಗಾಗುತ್ತದೆ.

ಈ ಬದಲಾವಣೆ ನಮ್ಮ ನಾಡಿಗೆ ದೂರದ ಸುದ್ದಿಯಲ್ಲ. ತರಬೇತಿ ವಿಮಾನದ ಚರಿತ್ರೆಯ ದೊಡ್ಡ ಭಾಗ ಬೆಂಗಳೂರಿನಲ್ಲೇ ನಡೆದಿದೆ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿದ ಎಚ್‌ಟಿ-2 ವಿಮಾನ 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿತು. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಮಾಡಿದ ‘ಪುಷ್ಪಕ’ ಹಾರಿದ್ದು 1958ರಲ್ಲಿ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿದ ಎರಡು ಆಸನದ ‘ಹಂಸ-3’ಕ್ಕೆ 2000ದಲ್ಲಿ ಪ್ರಮಾಣಪತ್ರ ದೊರೆಯಿತು, ಅದು ಕೆಲವು ತರಬೇತಿ ಸಂಸ್ಥೆಗಳಿಗೂ ಹೋಯಿತು. ಅದೇ ಸಂಸ್ಥೆ ಆ ಹಂಸವನ್ನೇ ಮತ್ತೆ ತಿದ್ದಿ, ಹೊಸ ಎಂಜಿನು ಕೂರಿಸಿ, ಗಡಿಯಾರಗಳ ಸ್ಥಾನದಲ್ಲಿ ಗಾಜಿನ ಪರದೆಗಳನ್ನು ಇಟ್ಟು, ‘ಹಂಸ-ಎನ್‌ಜಿ’ ಎಂದು ಹೆಸರಿಸಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಆಕಾಶಕ್ಕೆ ಬಿಟ್ಟಿತು. ಎಚ್‌ಟಿ-2ರಲ್ಲಿ ಕಲಿತವರ ಮೊಮ್ಮಕ್ಕಳು ಇಂಥ ಪರದೆಯ ಮುಂದೆ ಕುಳಿತು ಕಲಿಯುವ ಕಾಲ ಇದು.

ಬದಲಾವಣೆಗೆ ಕಾರಣಗಳು ಬಲವಾಗಿಯೇ ಇವೆ. ಹಳೆಯ ಸಾಧನಗಳ ಬಿಡಿಭಾಗ ಸಿಗುವುದು ವರ್ಷ ವರ್ಷಕ್ಕೂ ಕಷ್ಟವಾಗುತ್ತಿದೆ. ಮುಂದೆ ಹುಡುಗ ಸೇರಬೇಕಾದ ದೊಡ್ಡ ವಿಮಾನಗಳಲ್ಲಿ ಇರುವುದು ಗಾಜಿನ ಪರದೆಯೇ. ಗಡಿಯಾರದ ಮುಂದೆ ಕಲಿತು ಪರದೆಯ ಮುಂದೆ ಕೆಲಸ ಮಾಡು ಎನ್ನುವುದು, ಮೋಡಿ ಲಿಪಿಯಲ್ಲಿ ಕಲಿಸಿ ಅಚ್ಚಿನ ಪುಸ್ತಕದಲ್ಲಿ ಪರೀಕ್ಷೆ ಮಾಡಿದ ಹಾಗೆ. ಇನ್ನೂ ಒಂದು ಕಾರಣ ನನ್ನನ್ನು ಬಹುವಾಗಿ ಒಪ್ಪಿಸಿತು. ಹಳೆಯ ಬುಗುರಿಯನ್ನು ಸುತ್ತಿಸುವ ಪಂಪು ಕೆಟ್ಟಿತೆನ್ನಿ. ಬುಗುರಿ ತಟ್ಟನೆ ನಿಲ್ಲುವುದಿಲ್ಲ. ನಿಧಾನವಾಗಿ ವೇಗ ಕಳೆದುಕೊಳ್ಳುತ್ತ, ನಿಧಾನವಾಗಿ ವಾಲುತ್ತ, ವಿಮಾನವೇ ವಾಲಿತೆಂಬ ಸುಳ್ಳನ್ನು ಮೆಲ್ಲಮೆಲ್ಲನೆ ಹೇಳುತ್ತದೆ. ಮೋಡದೊಳಗೆ ಇರುವ ಚಾಲಕ ಅದನ್ನು ನಂಬಿ ನೆಟ್ಟಗಿದ್ದ ವಿಮಾನವನ್ನು ತಾನೇ ವಾಲಿಸಿಬಿಡುತ್ತಾನೆ. ಹೊಸ ಪರದೆ ಸಾಮಾನ್ಯವಾಗಿ ಹಾಗೆ ಮಾಡದು. ತನ್ನ ಲೆಕ್ಕ ನಂಬಲಾರದ್ದು ಎಂದು ಅದಕ್ಕೇ ತೋರಿದರೆ ಆ ಜಾಗದಲ್ಲಿ ಕೆಂಪು ಬಣ್ಣದ ಕತ್ತರಿ ಗುರುತು ಹಾಕಿ ‘ನನ್ನನ್ನು ನಂಬಬೇಡ’ ಎನ್ನುತ್ತದೆ. ತನಗೆ ತಿಳಿಯದೆಂದು ಒಪ್ಪಿಕೊಳ್ಳುವ ಗುಣ ಯಂತ್ರದಲ್ಲಾದರೂ ಇರಲಿ, ಒಳ್ಳೆಯದೇ.

ಹಳೆಯದರ ಪರವಾಗಿ ವಾದಿಸುವವರೂ ಕಡಮೆಯಿಲ್ಲ. ‘ಕಷ್ಟಪಟ್ಟು ಕಲಿತರೆ ವಿದ್ಯೆ ಗಟ್ಟಿ, ಪರದೆ ನೋಡಿ ಕಲಿತವನು ಆಟದ ಚಾಲಕ’ ಎಂಬುದು ಅವರ ಮಾತು. ಕೇಳಲು ಇಂಪಾದ ಮಾತಿದು, ಹಾಗೆಯೇ ಅನುಮಾನಿಸಬೇಕಾದ ಮಾತು. ಕಷ್ಟವನ್ನು ಹೊಗಳುವವನು ಸಾಮಾನ್ಯವಾಗಿ ಆ ಕಷ್ಟವನ್ನು ದಾಟಿ ಬಂದವನು, ಇಲ್ಲವೆ ಅದನ್ನು ಎಂದೂ ಪಡದವನು. ನಮ್ಮ ಕಡೆ ಅಡಿಕೆ ಸುಲಿಯುವುದನ್ನು ನೋಡಿ. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಬೆರಳು ಕುಯ್ದುಕೊಳ್ಳುತ್ತಿದ್ದ ಹೆಂಗಸರ ಕೈಚಳಕವನ್ನು ಹಾಡಿ ಹೊಗಳಿದವರು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕುಳಿತವರು. ಸುಲಿಯುವ ಯಂತ್ರ ಬಂದಾಗ ಆ ಹೆಂಗಸರಲ್ಲಿ ಯಾರೂ ಕಣ್ಣೀರು ಹಾಕಿದ್ದನ್ನು ನಾನು ಕಾಣೆ. ಕೂಲಿ ಹೋಯಿತೆಂಬ ಚಿಂತೆ ಬೇರೆ ಮಾತು. ಕಷ್ಟ ಹೋಯಿತೆಂದು ಅತ್ತವರಿಲ್ಲ.

ನಮ್ಮಲ್ಲಿ ನಿಜವಾಗಿ ಆಕಾಶದಲ್ಲಿ ಕೆಲಸ ಮಾಡುತ್ತಿದ್ದವನೆಂದರೆ ಕೊನೆಗಾರ. ಮಳೆಗೆ ನೆಂದು ಜಾರುವ ಅಡಿಕೆ ಮರವನ್ನೇರಿ, ತುದಿಯಲ್ಲಿ ಮರವನ್ನು ತೂಗಿಸಿ, ಇಳಿಯದೆಯೇ ಪಕ್ಕದ ಮರಕ್ಕೆ ದಾಟಿಕೊಳ್ಳುವ ಅವನ ವಿದ್ಯೆ ಸಾಮಾನ್ಯವಲ್ಲ. ಬಿದ್ದು ಸೊಂಟ ಮುರಿದುಕೊಂಡು ಜೀವಮಾನವೆಲ್ಲ ಚಾಪೆ ಹಿಡಿದವರೂ ಊರೂರಲ್ಲಿದ್ದಾರೆ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು, ನೆಲದ ಮೇಲೆ ನಿಂತೇ ಕೊನೆ ಕೊಯ್ಯುವಂತಾಗಿದೆ. ಒಂದು ದೊಡ್ಡ ವಿದ್ಯೆ ಕಣ್ಮರೆಯಾಗುತ್ತಿದೆ ಎಂದು ಖೇದಪಡುವ ಹಕ್ಕು ನಮಗುಂಟು. ಆದರೆ ಆ ವಿದ್ಯೆಯನ್ನು ಉಳಿಸಲೆಂದು ಇನ್ನೊಬ್ಬನ ಮಗನನ್ನು ಮರ ಹತ್ತಿಸುವ ಹಕ್ಕಿಲ್ಲ. ಆದುದರಿಂದ ಕಷ್ಟಕ್ಕಾಗಿ ಕಷ್ಟವನ್ನು ಉಳಿಸಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ಹಾಗಾದರೆ ಹೊಸದು ಬಂದರೆ ಎಲ್ಲವೂ ಸರಿಹೋಯಿತೆ? ಇಲ್ಲಿ ಅಂಕೆಸಂಖ್ಯೆಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2002ರಿಂದ 2006ರವರೆಗೆ ತಯಾರಾದ 8,000ಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ತೆಗೆದುಕೊಂಡು, ಗಡಿಯಾರದವು ಯಾವುವು, ಪರದೆಯವು ಯಾವುವು ಎಂದು ಬೇರ್ಪಡಿಸಿ, ಅಪಘಾತಗಳನ್ನು ಹೋಲಿಸಿ ನೋಡಿದರು. ಪರದೆಯ ವಿಮಾನಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಮೆಯಿತ್ತು. ಸಾವು ತಂದ ಅಪಘಾತಗಳ ಪ್ರಮಾಣ ಮಾತ್ರ ಹೆಚ್ಚಿತ್ತು. ಹೊಸ ಸಲಕರಣೆಯಿಂದ ಒಟ್ಟಾರೆ ಸುರಕ್ಷತೆ ಹೆಚ್ಚಿತೆಂದು ಹೇಳಲು ಆಧಾರವಿಲ್ಲ, ಆಯಾ ಸಲಕರಣೆಗೆ ತಕ್ಕ ತರಬೇತಿ ಬೇಕು ಎಂಬುದು ಮಂಡಳಿಯ ತೀರ್ಮಾನ. ಪರದೆಯುಳ್ಳ ವಿಮಾನಗಳು ಹೆಚ್ಚಾಗಿ ದೂರದ ಪ್ರಯಾಣಕ್ಕೆ, ಮೋಡ ಮುಸುಕಿದ ದಿನಗಳಲ್ಲಿ ಬಳಕೆಯಾಗುತ್ತಿದ್ದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೂ ಒಂದು ಮಾತು ಉಳಿಯುತ್ತದೆ. ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿ ವಿವೇಕ ತುಂಬಿ ಬರುವುದಿಲ್ಲ.

ಬೆಂಗಳೂರಿಗರಿಗೆ ಇದನ್ನು ಹೊರಗಿನವರು ಹೇಳಬೇಕಾಗಿಲ್ಲ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ಹಳೆಯ ವಿಮಾನ ನಿಲ್ದಾಣದ ಓಡುದಾರಿಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು. ಅಂದಿನ ಮಟ್ಟಿಗೆ ಅದು ಅತ್ಯಾಧುನಿಕ ವಿಮಾನ; ಸೇವೆಗೆ ಬಂದು ಎರಡು ತಿಂಗಳೂ ಆದಂತಿರಲಿಲ್ಲ. ಎಂಜಿನುಗಳು ಕೆಟ್ಟಿರಲಿಲ್ಲ. ಸ್ವಯಂಚಾಲಿತ ವ್ಯವಸ್ಥೆ ಯಾವ ಸ್ಥಿತಿಯಲ್ಲಿತ್ತೋ ಆ ಸ್ಥಿತಿಯಲ್ಲಿ ಎಂಜಿನುಗಳು ತೀರ ಕಡಮೆ ಶಕ್ತಿಯಲ್ಲಿ ಓಡುತ್ತಿದ್ದವು. ವೇಗ ಇಳಿಯುತ್ತ ಹೋಯಿತು. ಅದನ್ನು ಗಮನಿಸುವ ಹೊತ್ತಿಗೆ ಕಾಲ ಮೀರಿತ್ತು. ಆ ಚಾಲಕರು ಅನುಭವಸ್ಥರು, ಅಸಡ್ಡೆಯವರೆಂದು ಹೇಳುವಂತಿಲ್ಲ. ವೇಗವನ್ನು ಯಂತ್ರ ನೋಡಿಕೊಳ್ಳುತ್ತಿದೆ ಎಂಬ ಭಾವನೆ ಮನುಷ್ಯನ ಕಣ್ಣನ್ನು ವೇಗದ ಅಂಕಿಯ ಮೇಲಿಂದ ಹೇಗೆ ಸರಿಸಿಬಿಡುತ್ತದೆ ಎಂಬುದಕ್ಕೆ ಅದು ದಾರುಣವಾದ ನಿದರ್ಶನ.

ಇನ್ನೊಂದು, 2009ರ ಜೂನ್ 1ರ ರಾತ್ರಿಯದು. ರಿಯೊ ನಗರದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸ್ ವಿಮಾನದ ಪಿಟೋ ಕೊಳವೆಗಳಿಗೆ ಅಟ್ಲಾಂಟಿಕ್ ಸಾಗರದ ಮೇಲೆ ಹಿಮ ಕಟ್ಟಿತು. ವೇಗ ತಿಳಿಯದೆ ಸ್ವಯಂಚಾಲಕ ಕೈಬಿಟ್ಟಿತು. ವಿಮಾನ ಆಗ ನೆಟ್ಟಗೇ ಹಾರುತ್ತಿತ್ತು. ಗಾಬರಿಯಲ್ಲಿ ಮೂತಿಯನ್ನು ಮೇಲೆತ್ತಿ ಹಿಡಿದದ್ದರಿಂದ ರೆಕ್ಕೆಗಳು ಎತ್ತುವ ಶಕ್ತಿಯನ್ನೇ ಕಳೆದುಕೊಂಡವು. ನಾಲ್ಕೂವರೆ ನಿಮಿಷದೊಳಗೆ 228 ಜನರೊಡನೆ ವಿಮಾನ ಸಮುದ್ರ ಸೇರಿತು. ಮೂತಿಯನ್ನು ಕೆಳಗೆ ತಗ್ಗಿಸಿ ವೇಗ ಕೂಡಿಸಿಕೊಳ್ಳಬೇಕೆಂಬುದು ತರಬೇತಿ ವಿಮಾನದಲ್ಲಿ ಮೊದಮೊದಲ ವಾರಗಳಲ್ಲೇ ಹೇಳಿಕೊಡುವ ಪಾಠ. ಇಂಥ ಅನುಭವಗಳಿಂದ ಎಚ್ಚತ್ತು, ಅಮೆರಿಕದ ವಿಮಾನಯಾನ ಇಲಾಖೆ 2013ರ ಜನವರಿಯಲ್ಲಿ, ಚಾಲಕರು ಸಮಯ ನೋಡಿಕೊಂಡು ಕೈಯಿಂದಲೇ ವಿಮಾನ ನಡೆಸುವ ಅಭ್ಯಾಸವನ್ನು ಉಳಿಸಿಕೊಳ್ಳಬೇಕೆಂದು ವಿಮಾನ ಕಂಪನಿಗಳಿಗೆ ಸೂಚನೆ ಕಳುಹಿಸಿತು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇದರ ಮರ್ಮವನ್ನು ಎತ್ತಿ ತೋರಿಸಿದ್ದರು. ಆಕೆಯ ವಿಚಾರದ ಸಾರ ಇಷ್ಟು. ಸುಲಭವಾದ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ, ಅದಕ್ಕೆ ಆಗದ ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತೇವೆ; ಆದರೆ ಸುಲಭವಾದ ಕೆಲಸವನ್ನು ದಿನವೂ ಮಾಡುತ್ತಿದ್ದರಿಂದಲೇ ಅವನಿಗೆ ಕಷ್ಟದ ಗಳಿಗೆಯನ್ನು ಎದುರಿಸುವ ಕೈ ಬಂದಿತ್ತು. ಯಂತ್ರ ಹೆಚ್ಚು ಹೆಚ್ಚು ನಂಬಿಕೆಗೆ ಅರ್ಹವಾದಷ್ಟೂ ಮನುಷ್ಯನ ಅಭ್ಯಾಸ ತಪ್ಪುತ್ತದೆ. ಕರೆ ಬಂದ ದಿನ ಅವನು ಸಿದ್ಧನಾಗಿರುವುದಿಲ್ಲ.

ಇದು ನನಗೆ ಪ್ರಯೋಗಶಾಲೆಯಿಂದ ಪರಿಚಿತವಾದ ಸಂಗತಿ. ಹಿಂದೆ ಗುಣಾಕಾರ ಭಾಗಾಕಾರಗಳಿಗೆ ಲಾಗರಿತಮ್ ಕೋಷ್ಟಕವನ್ನು ಬಳಸುತ್ತಿದ್ದೆವು. ಕೋಷ್ಟಕ ಕೊಡುತ್ತಿದ್ದುದು ಅಂಕಿಗಳನ್ನು ಮಾತ್ರ. ದಶಮಾಂಶ ಬಿಂದುವನ್ನು ಎಲ್ಲಿಡಬೇಕೆಂಬುದನ್ನು ನಾವೇ ನಿರ್ಧರಿಸಬೇಕಿತ್ತು. ಅಂದರೆ ಉತ್ತರ ಏಳೋ, ಎಪ್ಪತ್ತೋ, ಏಳುನೂರೋ ಎಂಬ ಅಂದಾಜು ಮೊದಲೇ ತಲೆಯಲ್ಲಿರಬೇಕಿತ್ತು. ಕೋಷ್ಟಕ ಬೇಸರದ ಸಾಧನವೇ. ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ. ಕ್ಯಾಲ್ಕುಲೇಟರು ಬಂದ ಮೇಲೆ ಹುಡುಗನೊಬ್ಬ, ಜೋಗದ 253 ಮೀಟರು ಎತ್ತರದಿಂದ ಕೈಬಿಟ್ಟ ಕಲ್ಲು ಕೆಳಗೆ ತಲುಪಲು 71.8 ಸೆಕೆಂಡು ಬೇಕೆಂದು ಬರೆದು ತಂದ. ಸರಿಯಾದ ಉತ್ತರ ಏಳು ಸೆಕೆಂಡಿಗೆ ತುಸು ಹೆಚ್ಚು. ಅವನು ಸಾಗರ ತಾಲ್ಲೂಕಿನವನೇ. ಜೋಗವನ್ನು ಎಷ್ಟೋ ಸಲ ಕಣ್ಣಾರೆ ಕಂಡವನು. ಕಲ್ಲು ಒಂದು ನಿಮಿಷಕ್ಕೂ ಮೇಲೆ ಗಾಳಿಯಲ್ಲಿ ಇದ್ದೀತೆ ಎಂಬ ಸಂದೇಹ ಅವನಿಗೆ ಹುಟ್ಟಲೇ ಇಲ್ಲ. ಯಂತ್ರ ಹೇಳಿತ್ತು, ಬರೆದಿದ್ದ.

ಕ್ಯಾಲ್ಕುಲೇಟರನ್ನು ಕಸಿದುಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ನಾನು ಮಾಡಿದ್ದು ಇಷ್ಟೆ: ಗುಂಡಿ ಒತ್ತುವ ಮೊದಲು ಪುಟದ ಅಂಚಿನಲ್ಲಿ ಅಂದಾಜು ಉತ್ತರವನ್ನು ಬರೆಯಬೇಕೆಂದು ನಿಯಮ ಮಾಡಿದೆ. ಇದರಿಂದ ಪಾಠದ ಹೊತ್ತು ಹೆಚ್ಚಾಯಿತು, ಹುಡುಗರು ಗೊಣಗಿದರು. ಆದರೆ ಕೋಷ್ಟಕ ತಾನರಿಯದೆ ಕಲಿಸುತ್ತಿದ್ದ ಪಾಠ ಹಾಗೆ ಮರಳಿ ಬಂತು.

ವಿಮಾನದ ವಿಷಯದಲ್ಲೂ ಮುಖ್ಯವಾದ ಮಾತು ಇದೇ ಎಂದು ನನಗೆ ತೋರುತ್ತದೆ. ಕಲಿಯುವವನ ಕಷ್ಟದಲ್ಲಿ ಎರಡು ಬಗೆ. ಒಂದು, ಕೆಲಸಕ್ಕೇ ಸೇರಿದ್ದು: ಗಾಳಿಯ ಅಡ್ಡಹೊಡೆತವನ್ನು ಅರಿಯುವುದು, ನೆಲ ಹತ್ತಿರ ಬಂದಂತೆ ಎತ್ತರವನ್ನು ಕಣ್ಣಿಂದ ಅಳೆಯುವುದು, ರೆಕ್ಕೆ ಸೋಲುವ ಮುನ್ನ ವಿಮಾನದಲ್ಲಿ ಹುಟ್ಟುವ ನಡುಕವನ್ನು ಮೈಯಿಂದ ತಿಳಿಯುವುದು. ಇನ್ನೊಂದು, ಹತ್ಯಾರಿಗೆ ಸೇರಿದ್ದು: ದಿಕ್ಕು ತೋರಿಸುವ ಬುಗುರಿ ಕಾಲು ಗಂಟೆಗೊಮ್ಮೆ ಸರಿದುಹೋಗುತ್ತದೆ, ಕಾಂತದ ದಿಕ್ಸೂಚಿಯನ್ನು ನೋಡಿ ಅದನ್ನು ಮತ್ತೆ ಸರಿಮಾಡಬೇಕು. ಮೊದಲನೆಯದನ್ನು ಉಳಿಸಿ ಎರಡನೆಯದನ್ನು ತೆಗೆದುಹಾಕಿದರೆ ಸಾಕು ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ.

ಆದರೆ ಹತ್ಯಾರಿನ ಕಷ್ಟದೊಳಗೆ ಕೆಲವು ವೇಳೆ ಕೆಲಸದ ಪಾಠ ಅಡಗಿರುತ್ತದೆ. ಕಾಲು ಗಂಟೆಗೊಮ್ಮೆ ಬುಗುರಿಯನ್ನು ದಿಕ್ಸೂಚಿಗೆ ಹೋಲಿಸಿ ನೋಡುತ್ತಿದ್ದ ಹುಡುಗ, ಯಾವ ಒಂದು ಸಾಧನವನ್ನೂ ಒಂಟಿಯಾಗಿ ನಂಬಬಾರದು, ಒಂದರ ಸಾಕ್ಷ್ಯವನ್ನು ಇನ್ನೊಂದರಿಂದ ಪರೀಕ್ಷಿಸಬೇಕು ಎಂಬ ವಿವೇಕವನ್ನು ಕಲಿಯುತ್ತಿದ್ದ. ಆರು ಮುಖಗಳ ಮೇಲೆ ಕಣ್ಣೋಡಿಸಿ ಒಂದು ಚಿತ್ರವನ್ನು ತಾನೇ ಕಟ್ಟಿಕೊಳ್ಳುತ್ತಿದ್ದ. ತೊಡೆಯ ಮೇಲಿನ ಕಾಗದದ ನಕ್ಷೆಗೂ ಕೆಳಗಿನ ಹೊಳೆಗೂ ತಾಳೆ ನೋಡುತ್ತಿದ್ದವನು, ಇನ್ನು ಐದು ನಿಮಿಷಕ್ಕೆ ಏನು ಕಾಣಬೇಕು ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಹಳೆಯ ಯಂತ್ರ ತನ್ನ ದೌರ್ಬಲ್ಯದಿಂದಲೇ ಈ ಪಾಠಗಳನ್ನು ಪುಕ್ಕಟೆಯಾಗಿ ಕಲಿಸುತ್ತಿತ್ತು. ಹೊಸ ಯಂತ್ರ ಬಂದಾಗ ಅವನ್ನು ಬೆಲೆ ಕೊಟ್ಟು ಕಲಿಸಬೇಕಾಗುತ್ತದೆ. ಪರದೆಯನ್ನು ಬಟ್ಟೆಯಿಂದ ಮುಚ್ಚಿ ಹಾರಿಸಬೇಕು; ನಕ್ಷೆಯನ್ನು ಆರಿಸಿ ‘ಈಗ ಎಲ್ಲಿದ್ದೀಯೆ, ಹೇಳು’ ಎಂದು ಕೇಳಬೇಕು; ಕಿಟಕಿಯ ಹೊರಗೆ ನೋಡಿಸಬೇಕು. ಇದಕ್ಕೆ ಗಂಟೆಗಳು ಬೇಕು, ಒಳ್ಳೆಯ ಶಿಕ್ಷಕರು ಬೇಕು. ಗಂಟೆಯೆಂದರೆ ಹಣ.

ಧರ್ಮದ ಪ್ರಶ್ನೆ ಏಳುವುದು ಇಲ್ಲಿಯೇ. ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಆ 200 ಗಂಟೆಗಳಲ್ಲಿ ಏನನ್ನು ತುಂಬಬೇಕೆಂಬುದು ಬಹುಮಟ್ಟಿಗೆ ಶಾಲೆಯ ಮನಸ್ಸಾಕ್ಷಿಗೆ ಬಿಟ್ಟದ್ದು. ಪರದೆಗಳನ್ನು ಕೊಂಡು ಅದರ ನೆಪದಲ್ಲಿ ಶಿಕ್ಷಕರ ಹೊತ್ತನ್ನು ಉಳಿಸಿಕೊಂಡ ಶಾಲೆ ತನ್ನ ಭಾರವನ್ನು ಇಳಿಸಿಕೊಂಡಿತು. ಬೇಗ ಕಲಿತೆನೆಂದು ಹುಡುಗನಿಗೂ ಸಂತೋಷ. ಸಾಲ ಬೇಗ ತೀರೀತೆಂದು ತಂದೆಗೂ ನೆಮ್ಮದಿ. ಮೂವರಿಗೂ ಒಪ್ಪಿಗೆಯಾದ ವ್ಯವಹಾರದಲ್ಲಿ ಅನ್ಯಾಯವೆಲ್ಲಿ ಎಂದು ಕೇಳಬಹುದು. ನಾಲ್ಕನೆಯವನೊಬ್ಬನಿದ್ದಾನೆ. ಇನ್ನು ಹತ್ತು ವರ್ಷದ ಮೇಲೆ, ಮಳೆಗಾಲದ ಒಂದು ಸಂಜೆ, ಆ ಹುಡುಗ ನಡೆಸುವ ವಿಮಾನದ ಹಿಂದಿನ ಸಾಲಿನಲ್ಲಿ ಕುಳಿತಿರುವ ಪ್ರಯಾಣಿಕ. ಅವನನ್ನು ಯಾರೂ ಕೇಳಿಲ್ಲ. ಅವನು ಯಾವ ಪುಸ್ತಿಕೆಯನ್ನೂ ಓದಿಲ್ಲ. ಎದುರಿಗೆ ಇಲ್ಲದವನ ಪಾಲನ್ನು ಕೂಡ ಸರಿಯಾಗಿ ಅಳೆದಿಡುವುದಕ್ಕೇ ಅಲ್ಲವೆ ನಾವು ಧರ್ಮವೆನ್ನುವುದು?

ಆ ಪಾಲನ್ನು ನುಂಗಿದವರು ನಮ್ಮಲ್ಲಿಲ್ಲದಿಲ್ಲ. 2011ರಲ್ಲಿ ನಕಲಿ ಅಂಕಪಟ್ಟಿಗಳನ್ನು ಒಪ್ಪಿಸಿ ಪರವಾನಗಿ ಪಡೆದ ಚಾಲಕರು ಸಿಕ್ಕಿಬಿದ್ದರು. ಹಾರದ ಗಂಟೆಗಳನ್ನು ಹಾರಿದಂತೆ ಬರೆದುಕೊಂಡ ಪ್ರಕರಣಗಳೂ ಹೊರಬಂದವು. ಈ ವಿಷಯದಲ್ಲಿ ಹೊಸ ಸಲಕರಣೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಇಂದಿನ ಪರದೆಗಳಲ್ಲಿ ಹಲವು, ಹಾರಿದ ಪ್ರತಿ ನಿಮಿಷದ ವೇಗ, ಎತ್ತರ, ದಾರಿಗಳನ್ನು ಒಂದು ಸಣ್ಣ ಬಿಲ್ಲೆಯಲ್ಲಿ ಬರೆದಿಡುತ್ತವೆ. ಲೇಖನಿಯಿಂದ ಸುಳ್ಳು ಬರೆಯುವುದು ಸುಲಭ. ಇದರಲ್ಲಿ ಬರೆಯುವುದು ಅಷ್ಟು ಸುಲಭವಲ್ಲ. ಇಷ್ಟೇ ಅಲ್ಲ, ಹುಡುಗ ಇಳಿದು ಬಂದ ಮೇಲೆ ಶಿಕ್ಷಕ ಆ ದಾಖಲೆಯನ್ನು ಮುಂದಿಟ್ಟುಕೊಂಡು, ಎಲ್ಲಿ ವೇಗ ಇಳಿಯಿತು, ಎಲ್ಲಿ ತಿರುವು ಅಗಲವಾಯಿತು ಎಂದು ತೋರಿಸಿ ತಿದ್ದಬಹುದು. ಅದೇ ಯಂತ್ರ ಸೋಮಾರಿಗೆ ಊರುಗೋಲು, ಶ್ರದ್ಧಾವಂತನಿಗೆ ಕನ್ನಡಿ.

ನ್ಯಾಯದ ಇನ್ನೊಂದು ಮುಖವನ್ನೂ ಮರೆಯಬಾರದು. ಜಕ್ಕೂರಿನ ಸರಕಾರಿ ಹಾರಾಟ ಶಾಲೆಯಂಥ ಸಂಸ್ಥೆಗಳು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹುಟ್ಟಿದ್ದು, ಹಾರುವ ವಿದ್ಯೆ ಸಿರಿವಂತರ ವಿನೋದವಾಗಿಯೇ ಉಳಿಯದಿರಲಿ ಎಂಬ ಆಶಯಕ್ಕೆ ಒಪ್ಪುವಂಥ ಕೆಲಸ. ಹೊಸ ಸಲಕರಣೆ ಹಣವಂತರ ಶಾಲೆಗಳಲ್ಲಿ ಮಾತ್ರ ಇದ್ದು, ಉಳಿದವರು ಹಳೆಯದರಲ್ಲೇ ಕಲಿಯಲಿ, ಅದರಿಂದ ಅವರಿಗೆ ಒಳ್ಳೆಯದೇ ಆಗುತ್ತದೆ ಎಂದರೆ ಅದು ಬಡತನಕ್ಕೆ ತೊಡಿಸಿದ ಜರಿಯಂಗಿ. ಹತ್ತಾರು ಲಕ್ಷ ರೂಪಾಯಿ ಸುರಿದು ಪರವಾನಗಿ ಪಡೆದ ತೀರ್ಥಹಳ್ಳಿಯ ಹುಡುಗಿ, ಪರದೆಯನ್ನು ಅಭ್ಯಾಸ ಮಾಡಿಕೊಳ್ಳಲು ಮತ್ತೆ ಹಣ ಸುರಿಯಬೇಕಾಗಿ ಬಂದರೆ ಹಳೆಯದರ ಗುಣಗಾನದಿಂದ ಅವಳ ಹೊಟ್ಟೆ ತುಂಬುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಹೀಗೆ. ತರಬೇತಿ ವಿಮಾನಗಳಿಗೆ ಹೊಸ ಸಲಕರಣೆ ಬರಲಿ. ಎಲ್ಲ ಶಾಲೆಗಳಿಗೂ ಬರಲಿ. ಆದರೆ ಅದನ್ನು ಕೂರಿಸುವ ದಿನವೇ ಶಾಲೆಯವರು ಕುಳಿತು ಒಂದು ಪಟ್ಟಿ ಮಾಡಲಿ: ತೆಗೆದುಹಾಕುತ್ತಿರುವ ಈ ಹಳೆಯ ಸಾಧನ ಹೇಳದೆಯೇ ಏನೇನನ್ನು ಕಲಿಸುತ್ತಿತ್ತು? ಅವುಗಳಲ್ಲಿ ಉಳಿಯಬೇಕಾದವು ಯಾವುವು? ಅವನ್ನು ಇನ್ನು ಮುಂದೆ ಯಾರು, ಯಾವ ಗಂಟೆಯಲ್ಲಿ, ಹೇಗೆ ಕಲಿಸುವರು? ಈ ಪಟ್ಟಿಯ ಖರ್ಚನ್ನೂ ಸಲಕರಣೆಯ ಬೆಲೆಯಲ್ಲಿ ಸೇರಿಸಲಿ. ಆ ಖರ್ಚನ್ನು ಭರಿಸಲಾರದವರು ಸಲಕರಣೆಯನ್ನೂ ಪೂರ್ತಿಯಾಗಿ ಕೊಂಡಂತಲ್ಲ. ಹೊಸನಗರದ ಪರಿಚಿತರಿಗೆ ನಾನು ಹೇಳಿದ್ದೂ ಇಷ್ಟೆ. ಪರದೆ ಇದೆಯೇ ಎಂದಷ್ಟೇ ಕೇಳಬೇಡಿ. ಅದನ್ನು ಎಷ್ಟು ಹೊತ್ತು ಮುಚ್ಚಿ ಕಲಿಸುತ್ತೀರಿ ಎಂದು ಎರಡು ಶಾಲೆಯವರನ್ನೂ ಕೇಳಿ. ಉತ್ತರಕ್ಕೆ ತಡವರಿಸುವವರಿಗೆ ಹಣ ಕಟ್ಟಬೇಡಿ.

ಇದು ಹಳೆಯ ಕಾಲದವನ ಹಂಬಲವೆಂದು ಯಾರಾದರೂ ತಳ್ಳಿಹಾಕುವುದಾದರೆ ಅವರ ಗಮನಕ್ಕೆ ಒಂದು ಸಂಗತಿ. ಅಮೆರಿಕದ ನೌಕಾ ಅಕಾಡೆಮಿ ನಕ್ಷತ್ರಗಳನ್ನು ನೋಡಿ ದಾರಿ ಕಂಡುಹಿಡಿಯುವ ಪಾಠವನ್ನು, ಉಪಗ್ರಹಗಳಿರುವಾಗ ಇದೇಕೆಂದು, 1990ರ ದಶಕದ ಕೊನೆಯಲ್ಲಿ ಕೈಬಿಟ್ಟಿತ್ತು. 2015ರಲ್ಲಿ ಅದನ್ನು ಮತ್ತೆ ಪ್ರಾರಂಭಿಸಿತು. ಉಪಗ್ರಹದ ಸಂಕೇತವನ್ನು ವೈರಿ ಕೆಡಿಸಬಹುದು, ಸುಳ್ಳು ಸಂಕೇತವನ್ನು ಕಳುಹಿಸಬಹುದು ಎಂಬ ಅರಿವು ಅದಕ್ಕೆ ಕಾರಣ. ಈಚಿನ ವರ್ಷಗಳಲ್ಲಿ ಅಂಥ ಸುಳ್ಳು ಸಂಕೇತಗಳು ನಮ್ಮ ದೇಶದ ಗಡಿಯ ಕಡೆಯ ವಿಮಾನಗಳಿಗೂ ತೊಂದರೆ ಕೊಟ್ಟಿವೆ. ಜಗತ್ತಿನಲ್ಲೇ ಬಹು ದೊಡ್ಡ ನೌಕಾಪಡೆ ತನ್ನ ಹುಡುಗರನ್ನು ರಾತ್ರಿ ಮತ್ತೆ ಅಟ್ಟದ ಮೇಲೆ ನಿಲ್ಲಿಸಿ ನಕ್ಷತ್ರ ತೋರಿಸುತ್ತಿದ್ದರೆ, ಅದರಲ್ಲಿ ಹಿಂದಕ್ಕೆ ಹೋದ ನಾಚಿಕೆಯೇನೂ ಇಲ್ಲ.

ಆಗುಂಬೆಯ ಘಟ್ಟದಿಂದ ಕೊಡಚಾದ್ರಿಯವರೆಗೆ ಆಷಾಢದಲ್ಲಿ ಮೋಡ ಇಳಿದಾಗ ಹತ್ತು ಮಾರು ಆಚೆಯ ಮರ ಕಾಣುವುದಿಲ್ಲ. ಅಂಥ ಮೋಡದ ಮೇಲೆ ಹಾರುವವನಿಗೆ ಒಳ್ಳೆಯ ಪರದೆ ಇರಲೇಬೇಕು. ಅದನ್ನು ಅವನಿಗೆ ನಿರಾಕರಿಸುವುದು ಕ್ರೌರ್ಯ. ಆ ಪರದೆ ಒಂದು ಗಳಿಗೆ ಕಪ್ಪಾದರೆ ಮೂತಿಯನ್ನು ಎತ್ತ ಹಿಡಿಯಬೇಕು, ಎಂಜಿನಿಗೆ ಎಷ್ಟು ಶಕ್ತಿ ಕೊಡಬೇಕು, ಎಷ್ಟು ಹೊತ್ತು ತಾಳ್ಮೆಯಿಂದಿರಬೇಕು ಎಂಬುದು ಅವನ ಕೈಗೆ ಗೊತ್ತಿರಬೇಕು. ಅದನ್ನು ಕಲಿಸದೆ ಕಳುಹಿಸುವುದೂ ಅಷ್ಟೇ ಕ್ರೌರ್ಯ. ಮೊದಲನೆಯದನ್ನು ಹಣದಿಂದ ಕೊಳ್ಳಬಹುದು. ಎರಡನೆಯದಕ್ಕೆ ಪಕ್ಕದ ಆಸನದಲ್ಲಿ ಒಬ್ಬ ಗುರು ಬೇಕು. ಹುಡುಗ ತಪ್ಪಿದಾಗ ತಾನು ಕೂಡಲೇ ಕೈಹಾಕದೆ, ಹಾಕಬೇಕಾದ ಗಳಿಗೆಯನ್ನೂ ಮೀರಗೊಡದೆ ಕುಳಿತಿರಬಲ್ಲ ಗುರು.